ಆರನೇ ನಿಮಿಷಕ್ಕೆ ಬರಬೇಕಿದ್ದದ್ದು

ಕಳೆದ ಭಾನುವಾರ ಬೀರುವಿನ ಕೆಳಗಿನ ಖಾನೆ ಖಾಲಿ ಮಾಡುವಾಗ ಹಳೆಯ ಹೆಡ್‌ಸೆಟ್ ಒಂದು ಸಿಕ್ಕಿತು. ಕಿವಿಗೆ ಒತ್ತುವ ಸ್ಪಂಜು ಮುಟ್ಟಿದೊಡನೆ ಕಪ್ಪು ಹಿಟ್ಟಾಗಿ ಬೆರಳಿಗೆ ಅಂಟಿತು. ರಬ್ಬರು, ಬೆವರು, ಯಾರದೋ ತಲೆಯ ಎಣ್ಣೆ... ಆ ವಾಸನೆಗೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಹೆಂಡತಿ ಬಂದು, "ಬಿಪಿ ಮಾತ್ರೆ ತಗೊಂಡ್ರಾ?" ಎಂದಳು. ನಾನು ಕೂತರೂ ನಿಂತರೂ ನಮ್ಮ ಮನೆಯಲ್ಲಿ ಕೇಳುವ ಪ್ರಶ್ನೆ ಅದೊಂದೇ.

ಎಲೆಕ್ಟ್ರಾನಿಕ್ ಸಿಟಿಗೆ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ವರ್ಷಗಳು. ಅಲ್ಲಿನ ಒಂದು ಕಸ್ಟಮರ್ ಕೇರ್ ಕೇಂದ್ರದಲ್ಲಿ ನಾನು ಮೇಲ್ವಿಚಾರಕನಾಗಿದ್ದೆ. ಫ್ರಿಜ್ಜು ಕೆಟ್ಟವರು, ಮಿಕ್ಸಿ ಸುಟ್ಟವರು ನಮ್ಮ ಪುಕ್ಕಟೆ ನಂಬರಿಗೆ ಫೋನ್ ಮಾಡಿ ಕಾಯುತ್ತಿದ್ದರು. ಕಾಯುವಾಗ ಕೇಳಿಸುವ ಸಂಗೀತಕ್ಕೆ ಬೇಸತ್ತು ಅರ್ಧಕ್ಕರ್ಧ ಜನ ಫೋನ್ ಇಡುತ್ತಿದ್ದರು. ಇಟ್ಟವರು ನೆಮ್ಮದಿಯಾಗಿರುತ್ತಿದ್ದರು. ಅವರ ಪರವಾಗಿ ಚಿಂತಿಸಲು ಕಂಪನಿ ನನಗೆ ಸಂಬಳ ಕೊಡುತ್ತಿತ್ತು.

ಬೇಗೂರಿನ ನಮ್ಮ ರಸ್ತೆಯಲ್ಲೇ ಒಂದು ಬಾಡಿಗೆ ಕೋಣೆಯಲ್ಲಿ ಪೇಟಿ ಮಾಸ್ತರರಿದ್ದರು. ಗದಗಿನ ಕಡೆಯ ನಾಟಕ ಕಂಪನಿಯಲ್ಲಿ ಇಪ್ಪತ್ತು ವರ್ಷ ಹಾರ್ಮೋನಿಯಂ ನುಡಿಸಿ, ಕಂಪನಿ ಮುಚ್ಚಿದ ಮೇಲೆ ಇಲ್ಲಿ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುತ್ತಿದ್ದವರು. ನನ್ನ ಮಗಳಿಗೂ ಅವರೇ ಗುರು. ಒಂದು ಸಂಜೆ ನನ್ನ ಗೋಳು ಕೇಳಿ ನಕ್ಕರು.

"ಅದ ನನ್ನ ಕೆಲಸ ಆಗಿತ್ತಲ್ರಿ ಸಾಹೇಬ್ರ. ಪರದೆ ಹಿಂದ ಅರಮನಿ ತಗದು ಅಡವಿ ನಿಲ್ಲಸ್ತಿದ್ರು. ಅಲ್ಲೀತನಕ ಮುಂದಿನ ಮಂದಿ ಬೀಡಿ ಸೇದಾಕ ಎದ್ದು ಹೋಗಬಾರದು. ನಾಲ್ಕ ಸ್ವರ ಸಾಕು. ಹತ್ತ ಸಲ ಬಾರಿಸಿ, ಹನ್ನೊಂದನೇ ಸಲ ಒಂದನ್ನ ಬಿಟ್ಟಬಿಡ್ರಿ. ಅದನ್ನ ಕೇಳಾಂವನ ಕಿವಿನ ತುಂಬತೈತಿ. ತುಂಬಿದ ಮ್ಯಾಲ ಅಂವ ಎಲ್ಲಿಗೆ ಹೊಕ್ಕಾನ?"

ಹದಿನೈದು ದಿನಗಳಲ್ಲಿ ಸಿ.ಡಿ. ಮಾಡಿ ತಂದರು. ನಾಲ್ಕೇ ಸ್ವರ, ಎಂಟು ನಿಮಿಷ. ನಮ್ಮ ಮನೆಯ ಪ್ಲೇಯರಿನಲ್ಲಿ ಹಾಕಿ, ಮಗಳ ಪಕ್ಕ ಕಣ್ಣು ಮುಚ್ಚಿ ಕೂತರು. ಒಂದು ನಿಮಿಷ ಆಗಿರಬೇಕು, ಆಫೀಸಿನಿಂದ ಫೋನ್ ಬಂತು. ಎದ್ದು ಆಫ್ ಮಾಡಿ, "ಸಕ್ಕತ್ತಾಗಿದೆ ಮಾಸ್ತರೇ, ಮಿಕ್ಕಿದ್ದು ಆಫೀಸಲ್ಲಿ ಕೇಳ್ತೀನಿ" ಎಂದೆ.

ಹೊರಡುವಾಗ ಹೊಸ್ತಿಲಲ್ಲಿ ನಿಂತು, "ನಿಮ್ಮ ನಂಬರಿಗೆ ಗದಗಿನಿಂದ ಫೋನ್ ಮಾಡಿದ್ರೂ ಪುಕ್ಕಟೆ ಏನ್ರಿ?" ಎಂದು ಕೇಳಿದರು. ಆಮೇಲೆ ತಾವಾಗಿಯೇ ಹೇಳಿದರು. ಅವರ ಹೆಂಡತಿ ಅದೇ ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದವರು. ಆಕೆ ರಂಗಕ್ಕೆ ಬರುವ ಹೊತ್ತಿಗೆ ಒಂದು ತಿರುವು ನುಡಿಸಬೇಕು. ಕುಡಿದಿರುತ್ತಿದ್ದ ಮಾಸ್ತರು ಅದೊಂದನ್ನು ದಿನವೂ ತಪ್ಪುತ್ತಿದ್ದರಂತೆ, ನಾಳೆಯಿಂದ ಬಿಡುತ್ತೇನೆ ಎಂದು ದಿನವೂ ಹೇಳುತ್ತಿದ್ದರಂತೆ. ಕೊನೆಗೆ ಆಕೆ ಮಾತು ಬಿಟ್ಟು ಗದಗಿನಲ್ಲಿ ಅಣ್ಣನ ಮನೆ ಸೇರಿದರು. ಈಗ ಇವರು ನಿಜವಾಗಿಯೂ ಕುಡಿತ ಬಿಟ್ಟು ಎರಡು ವರ್ಷವಾಗಿತ್ತು. ಹೇಳಿದರೆ ನಂಬುವವರಿಲ್ಲ. ಆ ತಿರುವನ್ನು ಈ ಸಿ.ಡಿ.ಯ ಆರನೇ ನಿಮಿಷಕ್ಕೆ, ಒಂದಿಷ್ಟೂ ತಪ್ಪದೆ ಇಟ್ಟಿದ್ದರು. ನಮ್ಮ ನಂಬರನ್ನು ಆಕೆಯ ಅಣ್ಣನ ಕೈಲಿ ಕಳಿಸಿ, ಅಲ್ಲಿಯವರೆಗೆ ಕೇಳು ಎಂದು ಹೇಳಿಸುವುದು ಅವರ ಲೆಕ್ಕ.

ಮರುದಿನ ಟೆಕ್ನಿಷಿಯನ್ ಸಿ.ಡಿ. ನೋಡಿ, "ಸಾರ್, ಮಷೀನಲ್ಲಿ ನಲವತ್ತು ಸೆಕೆಂಡು ಹಿಡಿಯುತ್ತೆ ಅಷ್ಟೇ. ಕಟ್ ಮಾಡಿ ಅಷ್ಟನ್ನೇ ಮತ್ತೆ ಮತ್ತೆ ಸುತ್ತಿಸ್ತೀನಿ" ಎಂದ. ಮಾಡಪ್ಪ ಎಂದೆ. ಸಂಜೆ ಮಾಸ್ತರಿಗೆ ಹೇಳಬೇಕಿತ್ತು. ಅವರು ಎದುರಿಗೇ ಸಿಕ್ಕರು, ಅಂದೇ ಕ್ಷೌರ ಮಾಡಿಸಿಕೊಂಡಿದ್ದರು. ನಾಳೆ ಹೇಳೋಣ ಎಂದುಕೊಂಡೆ.

ಒಂದು ವಾರದಲ್ಲಿ ಆ ಕರೆ ಶುರುವಾಯಿತು. ದಿನವೂ ಮಧ್ಯಾಹ್ನ, ಕಾಯುವವರ ಲೈನು ಅತಿ ಉದ್ದವಿರುವ ಹೊತ್ತಿಗೆ. ಹತ್ತು ನಿಮಿಷ ಕಾಯುವರು, ನಮ್ಮವರು ಎತ್ತಿದರೆ ಮಾತಿಲ್ಲ.

"ಮಚ್ಚಾ, ನಿನ್ ಮೌನಗೌರಿ ಬಂದ್ಲು ಕಣೋ, ಮಾತಾಡ್ಸು."

"ಎಲ್ಲಿ ಮಾತಾಡ್ತಾಳೆ ಗುರು, ಬರೀ ಬಳೆ ಸದ್ದು. ಮತ್ತೆ ಹೋಲ್ಡಿಗೆ ಹಾಕ್ತೀನಿ ತಾಳು. ಪಾಪ, ಮ್ಯೂಸಿಕ್ ಕೇಳ್ಕೊಳ್ಲಿ."

ಹುಡುಗರು ನಗುತ್ತಿದ್ದರು. ಗಾಜಿನ ಕೋಣೆಯೊಳಗೆ ಕೂತು ನಾನು ಆ ನಂಬರಿನ ಮೊದಲ ಅಂಕಿಗಳನ್ನು ನೋಡುತ್ತಿದ್ದೆ. ಗದಗಿನದು. ಯಾರೆಂದು ಗೊತ್ತಿತ್ತು. ಏನನ್ನು ಕಾಯುತ್ತಿದ್ದಾರೆಂದೂ, ಅದು ಬರುವುದಿಲ್ಲವೆಂದೂ ಗೊತ್ತಿತ್ತು. ಹತ್ತು ದಿನ ಹೀಗೇ ನಡೆಯಿತು. ಹನ್ನೊಂದನೆಯ ದಿನ ಕರೆ ಬರಲಿಲ್ಲ. ನನಗೆ, ಈಗ ಹೇಳಲು ನಾಚಿಕೆ, ಹಾಯೆನಿಸಿತು.

ಆ ವಾರ ಪಾಠಕ್ಕೆ ಬಂದ ಮಾಸ್ತರು ಒಳಗೆ ಬರದೆ ಬಾಗಿಲಲ್ಲೇ ನಿಂತರು.

"ಹತ್ತ ದಿನ ಕೇಳ್ಯಾಳಂತ್ರಿ. ಬರೇ ಅದ ಅದ ಬರತೈತಿ, ಅಂವ ಇನ್ನೂ ಹಂಗ ಅದಾನ, ಮತ್ತ ನನಗ ಹೇಳಕಳಸಬ್ಯಾಡ ಅಂದಳಂತ. ಆರನೇ ನಿಮಿಷ... ಬರೂದಿಲ್ಲೇನ್ರಿ ಅದರಾಗ?"

ಹೇಳಿದೆ. ಮಷೀನು, ಮೆಮೊರಿ, ಟೆಕ್ನಿಷಿಯನ್... ಅಗತ್ಯವಿಲ್ಲದ್ದನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ.

"ನಲವತ್ತ ಸೆಕೆಂಡ" ಎಂದರು. "ಅದು ಬರೇ ಪೀಠಿಕಿರಿ ಸಾಹೇಬ್ರ. ಅದರಾಗ ಏನೂ ಇಲ್ಲ."

ಒಳಗೆ ಹೋಗಿ ಮಗಳಿಗೆ ಅಂದಿನ ಪಾಠ ಪೂರ್ತಿ ಹೇಳಿಕೊಟ್ಟರು. ಮುಂದಿನ ವಾರ ಬರಲಿಲ್ಲ.

ಭೂಮಿಯ ಮೇಲೆ ಆಗಬಹುದಾದ ಎಲ್ಲ ಅನಾಹುತಗಳನ್ನೂ ಮುಂಚೆಯೇ ಯೋಚಿಸಿಡುವ ನನ್ನ ತಲೆಗೆ ಒಂದು ಸಣ್ಣ ವಿಷಯ ಹೊಳೆದದ್ದು ಎರಡು ತಿಂಗಳ ನಂತರ, ಬಚ್ಚಲಲ್ಲಿ. ಆಕೆಯ ನಂಬರು ನನ್ನ ಕಂಪ್ಯೂಟರಿನಲ್ಲೇ ಇತ್ತಲ್ಲ. ಫೋನ್ ಮಾಡಿ ತಪ್ಪು ನನ್ನದೆಂದು ಹೇಳಿ, ರಿಸೀವರನ್ನು ಸಿ.ಡಿ. ಪ್ಲೇಯರಿನ ಮುಂದೆ ಎಂಟು ನಿಮಿಷ ಹಿಡಿದಿದ್ದರೆ ಸಾಕಿತ್ತು. ಅಷ್ಟರಲ್ಲಿ ತಿಂಗಳು ತಿಂಗಳು ಅಳಿಸುವ ಕರೆಗಳ ಪಟ್ಟಿಯಲ್ಲಿ ಅದೂ ಅಳಿಸಿಹೋಗಿತ್ತು. ಮಾಸ್ತರರ ಕೋಣೆಗೆ ಓಡಿದೆ. ಬಾಗಿಲಲ್ಲಿ ಬೇರೆ ಯಾರದೋ ಮಕ್ಕಳ ಚಪ್ಪಲಿಗಳಿದ್ದವು. ಎಲ್ಲಿಗೆ ಹೋದರೆಂದು ಮನೆ ಮಾಲೀಕರಿಗೂ ತಿಳಿದಿರಲಿಲ್ಲ. ಆ ಸಿ.ಡಿ. ಆಫೀಸಿನ ಡ್ರಾಯರಿನಲ್ಲೇ ಉಳಿದು, ಕೇಂದ್ರ ಸ್ಥಳ ಬದಲಿಸಿದಾಗ ಕಸಕ್ಕೆ ಹೋಯಿತು. ನಾನದನ್ನು ಕೊನೆಗೂ ಕೇಳಲಿಲ್ಲ.

ಭಾನುವಾರ ಸಂಜೆ ಮಗಳಿಗೆ ಫೋನ್ ಮಾಡಿ, ಮಾಸ್ತರು ಅಂದು ಹಾಕಿದ್ದ ಸಿ.ಡಿ. ನೆನಪಿದೆಯಾ ಎಂದೆ.

"ಬರೀ ಅದೇ ಅದೇ ಬರ್ತಿತ್ತಲ್ಲಪ್ಪಾ, ಅದು ತಾನೇ?" ಎಂದಳು.

ಅವಳೂ ಕೇಳಿದ್ದು ಅದೊಂದು ನಿಮಿಷವನ್ನೇ. ಅದು ಬರೀ ಪೀಠಿಕೆ ಎಂದಾದರೂ ಹೇಳಬಹುದಿತ್ತು... "ಹೌದು, ಅದೇ" ಎಂದು ಫೋನ್ ಇಟ್ಟೆ.