ಅಜ್ಜಿಗೆ ಹೇಳದೆ ಬಿಟ್ಟ ಡಾಕ್ಟರ ಮಾತು

ಇವತ್ತು ಜಯನಗರದ ಡೆಂಟಲ್ ಕ್ಲಿನಿಕ್ಕಿನ ಬಾಗಿಲು ತೆರೆದಾಗ ಬಂದ ಲವಂಗದೆಣ್ಣೆಯ ವಾಸನೆ ನನ್ನನ್ನು ಮತ್ತೆ ಒಂಬತ್ತು ವರ್ಷದವಳನ್ನಾಗಿ ಮಾಡಿತು.

ಆಗ ಅಜ್ಜಿಯ ಹಲ್ಲು ಕ್ಲೀನ್ ಮಾಡಿಸಲು ಜೊತೆಗೆ ಹೋದವಳು ನಾನೇ. ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ, ನಾನು ಇಂಗ್ಲಿಷ್ ಮೀಡಿಯಂ ಹುಡುಗಿ. ಅಜ್ಜಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿ ಮಲಗಿದ್ದರು. ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು. ನೀರಿನ ತುಂತುರು ದೀಪದ ಬೆಳಕಿನಲ್ಲಿ ತೇಲುತ್ತಿತ್ತು. ಮುಗಿದ ಮೇಲೆ ಡಾಕ್ಟರು ನನ್ನ ಕಡೆ ತಿರುಗಿ ತುಂಬ ಹೊತ್ತು ಮಾತಾಡಿದರು.

"ಏನಂತೆ ಪುಟ್ಟೀ, ಅಷ್ಟೊಂದು ಮಾತು?"

"ಎಲ್ಲ ಸರಿಯಾಗಿದೆಯಂತೆ ಅಜ್ಜಿ."

ಆಟೋದಲ್ಲಿ ಅಜ್ಜಿಯ ನಾಲಗೆ ಹಲ್ಲುಗಳ ನಡುವೆ ಹೊಸ ಸಂದುಗಳನ್ನು ಹುಡುಕುತ್ತಿತ್ತು. "ಅಯ್ಯೋ, ಹಲ್ಲೆಲ್ಲ ಕೆರೆದು ಸಡಿಲ ಮಾಡ್ಬಿಟ್ನಲ್ಲೇ! ಇನ್ಮೇಲೆ ಕೋಡುಬಳೆ ನೀನೇ ತಿನ್ನು" ಎಂದರು. ಮತ್ತೆಂದೂ ಆ ಕಡೆ ಹೋಗಲಿಲ್ಲ. ಕೆಲವು ವರ್ಷಗಳಲ್ಲಿ ಹಲ್ಲುಗಳು ಒಂದೊಂದಾಗಿ ಹೋದವು. ಕೋಡುಬಳೆಯನ್ನು ಕುಟ್ಟಿ, ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದರು.

ಅಂದು ಡಾಕ್ಟರ ಮಾತು ನನಗೆ ಅರ್ಥವಾಗಿರಲಿಲ್ಲವೇ? ಅಥವಾ ಕನ್ನಡದಲ್ಲಿ ಹೇಳಲು ಬೇಸರವಾಗಿತ್ತೇ? ಇಂದಿಗೂ ಖಚಿತವಿಲ್ಲ.

ಇವತ್ತು ನನ್ನ ಕ್ಲೀನಿಂಗ್ ಮುಗಿಸಿದ ಡಾಕ್ಟರಮ್ಮ ಮಾಸ್ಕ್ ಇಳಿಸಿ, "ಮೇಡಂ, ಸಂದು ಬಿಟ್ಟ ಹಾಗೆ ಅನ್ಸುತ್ತೆ, ಎರಡು ದಿನ ಜುಮ್ ಅನ್ನುತ್ತೆ. ಹೆದರ್ಬೇಡಿ. ಹೋಗಿರೋದು ಗಟ್ಟಿಯಾಗಿದ್ದ ಕೊಳೆ, ಹಲ್ಲಲ್ಲ" ಎಂದರು.

"ಇನ್ನೊಂದ್ಸಲ ಹೇಳ್ತೀರಾ?" ಎಂದೆ.

ಅವರು ನಕ್ಕರು. ವಯಸ್ಸಾದವರಿಗೆ ಹೇಳುವಂತೆ, ನಿಧಾನವಾಗಿ, ಕನ್ನಡದಲ್ಲೇ ಎಲ್ಲವನ್ನೂ ಮತ್ತೆ ಹೇಳಿದರು.