ಹಸಿವಿಗೆ ಕಾವಲು

ಊರಂಚಿನ ಆ ಗಲ್ಲಿಯಲ್ಲಿ ಎಲ್ಲರೂ ಅವಳನ್ನು ಕೋಳಿಯಕ್ಕ ಎಂದೇ ಕರೆಯುತ್ತಿದ್ದರು. ಬಟ್ಟೆ ಹೊಲಿದು ಬದುಕು ಸಾಗಿಸಿದವಳು. ಗಂಡ ತೀರಿಕೊಂಡ ವರ್ಷ, ಕೋಳಿ ತುಂಬಿದ ಲಾರಿಯೊಂದು ಅವಳ ಮನೆಯ ತಿರುವಿನಲ್ಲೇ ಮಗುಚಿತು. ಚರಂಡಿಗೆ ಬಿದ್ದ ಬ್ರಾಯ್ಲರ್ ಕೋಳಿಗಳಲ್ಲಿ ಉಸಿರಾಡುತ್ತಿದ್ದವನ್ನು ಬುಟ್ಟಿಯಲ್ಲಿ ಹೊತ್ತು ತಂದಳು. ಸುದ್ದಿ ಹಬ್ಬಿತು ನೋಡಿ, ಯಾರ್ಯಾರೋ ಕುಂಟು ಮೇಕೆ, ಹಾಲು ಬತ್ತಿದ ಎಮ್ಮೆ ತಂದು ಕಟ್ಟಿಹೋದರು. ಹಿತ್ತಿಲೇ ಆಶ್ರಮವಾಯಿತು.

ಮಿಕ್ಕವುಗಳದ್ದು ಹೇಗೋ ಆಗುತ್ತಿತ್ತು, ಕೋಳಿಗಳ ಗೋಳೇ ಬೇರೆ. ಬೇಗ ಕೊಬ್ಬಿಸಿ ಕೊಯ್ಯಲೆಂದೇ ಮಾಡಿದ ತಳಿ ಅದು. ಹೊಟ್ಟೆ ತುಂಬಿತು ಎನ್ನುವುದೇ ಗೊತ್ತಾಗುವುದಿಲ್ಲ. ಕೇಳಿದಷ್ಟು ಹಾಕಿದರೆ ಮೈ ಭಾರವಾಗಿ ಕಾಲು ಕುಸಿದು, ಎದೆಬಡಿತ ನಿಂತು ಸಾಯುತ್ತವೆ. ಬದುಕಿಸಬೇಕೆಂದರೆ ಹಸಿವಿನಲ್ಲಿಡಬೇಕು. ಬೆಳಿಗ್ಗೆ ಸಂಜೆ ಕಾಳನ್ನು ಲೋಟದಲ್ಲಿ ಅಳೆದು, ಅದನ್ನೂ ಹುಲ್ಲಿನ ಮೇಲೆ ದೂರದೂರಕ್ಕೆ ಚೆಲ್ಲಿ, ನಡೆದು ಹುಡುಕಿ ತಿನ್ನುವ ಹಾಗೆ ಮಾಡಬೇಕು. ಉಳಿದ ಹೊತ್ತೆಲ್ಲ ಅವು ಅವಳ ಕಾಲು ಸುತ್ತಿ ಬೇಡುತ್ತಿದ್ದವು. ಇಲ್ಲ ಇಲ್ಲ ಎನ್ನುವುದರಲ್ಲೇ ಅವಳ ಜೀವ ಹಣ್ಣಾಗಿತ್ತು.

ಅಷ್ಟರಲ್ಲಿ ಮಂಡಿಗಳು ಸವೆದು ಹೋದವು. ಆಪರೇಶನ್ ಆಗದಿದ್ದರೆ ಹಾಸಿಗೆ ಹಿಡಿಯುತ್ತೀರಿ ಎಂದರು ಡಾಕ್ಟರು. ಊರಾಚೆಯ ದೊಡ್ಡ ಪ್ರಾಣಿಧಾಮದವರು ವ್ಯಾನು ತಂದು ಮೇಕೆ, ಎಮ್ಮೆಗಳನ್ನು ಹತ್ತಿಸಿಕೊಂಡರು. ಕೋಳಿ ಮಾತ್ರ ಬೇಡ, ನಮ್ಮ ಗೂಡಿಗೇ ರೋಗ ಹೊಕ್ಕಿದೆ ಎಂದರು. ಇನ್ನು ಇವುಗಳನ್ನು ಹಸಿವಿನಲ್ಲಿಡುವವರು ಯಾರಾದರೂ ಸಿಗದೆ ಅವಳು ಆಸ್ಪತ್ರೆಗೆ ಹೋಗುವಂತಿರಲಿಲ್ಲ.

ಮೊದಲು ತಂಗಿ ಬಂದಳು. ಒಂದು ವಾರ ನೋಡಿಕೊಳ್ಳಲಿ, ಆಮೇಲೆ ಆಸ್ಪತ್ರೆಯ ಮಾತು ಎಂದು ಕೋಳಿಯಕ್ಕ ಒಳಗೆ ಮಲಗಿದಳು. ವಾರ ಮುಗಿಯುವ ಮೊದಲೇ, ಎಲ್ಲಕ್ಕಿಂತ ದಪ್ಪನೆಯ ಬಿಳಿ ಕೋಳಿ ನೀರಿನ ಡ್ರಮ್ಮಿನ ಹಿಂದೆ ಬಾಯಿ ತೆರೆದು ಏದುಸಿರು ಬಿಡುತ್ತ ಕೂತಿತ್ತು. ಕುತ್ತಿಗೆಯ ಕೆಳಗೆ ಮುಟ್ಟಿದರೆ ಅನ್ನ ತುಂಬಿ ಗಟ್ಟಿಯಾಗಿತ್ತು.

"ಒಂದೆರಡು ತುತ್ತು ಅಕ್ಕ, ಅಷ್ಟೇ. ಅದು ನನ್ನ ಮುಖಾನೇ ನೋಡ್ತಿತ್ತು."

"ಎಲ್ಲಾರ ಮುಖಾನೂ ನೋಡತ್ತೆ ಕಣೆ."

ಬೈಯಲು ಅವಳಿಗೆ ತ್ರಾಣವಿರಲಿಲ್ಲ. ಸಂಜೆ ಕೋಳಿ ಸತ್ತಿತು. ಇವಳಿಗೆ ಬಗ್ಗಲಾಗದೆ, ತಂಗಿಯೇ ಅಳುತ್ತ ಗುಂಡಿ ತೋಡಿದಳು.

ಆಗ ನೆನಪಾದವನು ಮೈದುನ. ಎಂಜಲು ಕೈಯಲ್ಲಿ ಕಾಗೆ ಓಡಿಸದವನು. ನೆಂಟರು ಬಂದರೆ ಅರ್ಧ ಲೋಟ ಕಾಫಿ ಕೊಟ್ಟು ಗಡಿಯಾರ ನೋಡುವವನು. ನಿನ್ನಷ್ಟು ಗಟ್ಟಿ ಮನಸ್ಸು ನಮ್ಮ ಪೈಕಿ ಇನ್ನೊಬ್ಬರಿಗಿಲ್ಲ, ಬಂದು ಉಪಕಾರ ಮಾಡಪ್ಪ ಎಂದು ಫೋನು ಮಾಡಿದಳು. ಹೊಗಳಿದಳೋ ತೆಗಳಿದಳೋ ತಿಳಿಯದೆ ಅವನು ಚೀಲ ಹಿಡಿದು ಬಂದೇಬಿಟ್ಟ.

ಒಂದು ಮಂಡಿಯ ಆಪರೇಶನ್ ಮುಗಿಸಿ ವಾಕರ್ ಊರುತ್ತ ಮರಳಿದವಳು ಗೇಟಿನಲ್ಲೇ ನಿಂತು ನೋಡಿದಳು. ಒಂದೂ ಕಡಿಮೆಯಾಗಿರಲಿಲ್ಲ. ಎಲ್ಲವೂ ತಮ್ಮ ಕಾಲ ಮೇಲೆ ನಡೆದಾಡುತ್ತಿದ್ದವು. ಸೊರಗಿದವನು ಮೈದುನ. ಅವುಗಳೆದುರು ತುತ್ತು ಇಳಿಯದೆ, ತಟ್ಟೆ ಹಿಡಿದು ರಸ್ತೆಯ ಆಚೆ ಬದಿಗೆ ಹೋಗಿ ಉಣ್ಣುತ್ತಿದ್ದನಂತೆ. ಅಲ್ಲಿಗೂ ಅವುಗಳ ಕೂಗು ಕೇಳುತ್ತಿತ್ತಂತೆ.

"ಅತ್ತಿಗೆ, ಜೀವಮಾನವೆಲ್ಲ ಜನಕ್ಕೆ ಇಲ್ಲ ಅಂದಿದೀನಿ. ಅನ್ನಿಸ್ಕೊಂಡೋರು ಬೈಕೊಂಡಾದ್ರೂ ಎದ್ದು ಹೋಗ್ತಿದ್ರು. ಇವು ಹೋಗೋದೇ ಇಲ್ಲ."

"ಹೂಂ, ಹೋಗಲ್ಲ."

"ಇನ್ನೊಂದ್ ಮಂಡಿಗೆ ನನ್ನ ಕರೀಬೇಡಿ."

"ಆಯ್ತಪ್ಪ, ಕರಿಯಲ್ಲ," ಎಂದಳು. ಮತ್ತಾರನ್ನು ಕರೆಯುವುದೆಂದು ಅವನೂ ಕೇಳಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

ಸಂಜೆ ಅವನೇ ಅಳೆದು, ಹಿತ್ತಿಲ ಆ ಮೂಲೆಯಿಂದ ಈ ಮೂಲೆಗೆ ಚೆಲ್ಲಿ ಬಂದು ಮೆಟ್ಟಿಲ ಮೇಲೆ ಅವಳ ಪಕ್ಕ ಕೂತ. ಕೋಳಿಗಳು ಕಾಳು ಮುಗಿಸಿ ಅವರಿಬ್ಬರತ್ತ ಬಂದವು. ಇಬ್ಬರೂ ಗೋಡೆಯ ಕಡೆ ನೋಡುತ್ತ ಕೂತೇ ಇದ್ದರು.