ನಮ್ಮನೆ ಟೈಮು, ಚಳ್ಳಕೆರೆ ಲಾರಿ

ನನ್ನ ಸೊಸೆ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಬಿಲ್ ಮಾಡುವವಳು. ಕಡಲೆಕಾಯಿ ಎಣ್ಣೆ ತುಂಬಿದ ಲಾರಿ ಗೇಟು ದಾಟಬೇಕಾದರೆ ಇವಳು ಕಂಪ್ಯೂಟರಿನಲ್ಲಿ ಬಿಲ್ ಹಾಕಬೇಕು. ಬಿಲ್ ಇಲ್ಲದೆ ಹೊರಟರೆ ದಾರಿಯಲ್ಲಿ ತೆರಿಗೆಯವರು ಹಿಡಿಯುತ್ತಾರೆ. ಮದುವೆ ಮಾತಿನ ದಿನವೇ, ಇನ್ನೂ ಎಲೆ ಅಡಿಕೆ ಮುಟ್ಟಿರಲಿಲ್ಲ, ಕೆಲಸ ಬಿಡುವುದಿಲ್ಲ ಎಂದು ಎಲ್ಲರ ಎದುರಿಗೇ ಹೇಳಿದ್ದಳು. ಇವಳ ಬಾಯಿ ನನ್ನ ಬಾಯಿಗೆ ಸರಿಜೋಡಿ ಎಂದು ನಾನು ಆವತ್ತೇ ಅಂದುಕೊಂಡೆ.

ಹೆರಿಗೆಗೆ ತವರಿಗೆ ಹೋದವಳು ಹೆಣ್ಣುಮಗು ಎತ್ತಿಕೊಂಡು ನಮ್ಮೂರು ಮೊಳಕಾಲ್ಮೂರಿಗೆ ವಾಪಸ್ಸು ಬಂದಳು. ಮಗು ಇನ್ನೂ ಎದೆಹಾಲಿನದು. ದಿನಾ ಚಳ್ಳಕೆರೆಗೆ ಬಸ್ಸಿನಲ್ಲಿ ಹೋಗಿಬರುವುದು ಆಗದ ಮಾತು. ಮಿಲ್ಲಿನ ಸಾಹುಕಾರರಿಗೆ ಫೋನು ಮಾಡಿ ಮಾಡಿ, ಮಗು ಅಂಬಲಿ ಕುಡಿಯುವಷ್ಟು ಆಗುವವರೆಗೆ ಮನೆಯಿಂದಲೇ ಬಿಲ್ ಮಾಡುತ್ತೇನೆ ಎಂದು ಒಪ್ಪಿಸಿದಳು. ಅವರು ಒಪ್ಪಿದರು, ಜೊತೆಗೆ ಒಂದು ಮಾತನ್ನೂ ಸೇರಿಸಿದರು. ನಿನ್ನಿಂದ ಒಂದು ಲಾರಿ ನಿಂತರೂ ಬೇರೆಯವರನ್ನು ಹಾಕಿಕೊಳ್ಳುತ್ತೇನೆ ಅಂದರು.

ಮನೆಯ ಲ್ಯಾಪ್‌ಟಾಪಿನಿಂದ ಮಿಲ್ಲಿನ ಕಂಪ್ಯೂಟರಿನೊಳಕ್ಕೆ ಹೋಗುವುದಕ್ಕೆ ವಿಪಿಎನ್ ಅಂತ ಒಂದು ದಾರಿ. ಹೆಸರು, ಪಾಸ್‌ವರ್ಡು ಹಾಕಿದರೂ ಅದು ಒಳಗೆ ಬಿಡುವುದಿಲ್ಲ. ಅವಳ ಫೋನಿನಲ್ಲಿ ಒಂದು ನಂಬರು ಮೂಡುತ್ತದೆ, ಅದನ್ನೂ ಹಾಕಬೇಕು. ಅರ್ಧ ನಿಮಿಷಕ್ಕೆ ಆ ನಂಬರು ಹೋಗಿ ಇನ್ನೊಂದು ಬರುತ್ತದೆ. ಪಕ್ಕದಲ್ಲಿ ಮಗು ಹಿಡಿದುಕೊಂಡು ಕೂತು ಕೂತು ಇಷ್ಟು ನನಗೂ ತಿಳಿದಿತ್ತು.

ಮೊದಮೊದಲು ಎಲ್ಲ ಸರಿಯಾಗೇ ನಡೆಯಿತು. ಆಮೇಲೆ ಅವಳ ಫೋನು ಚಾರ್ಜು ಹಿಡಿಯದೆ ಸತ್ತುಹೋಯಿತು. ಮಗ ಅದನ್ನು ರಿಪೇರಿ ಅಂಗಡಿಗೆ ಕೊಟ್ಟು, ಸಂಜೆ ತಂದು, ಟೈಮು ತಾರೀಖು ಎಲ್ಲ ತಾನೇ ಕೂರಿಸಿ ಹೆಂಡತಿಯ ಕೈಗೆ ಕೊಟ್ಟ. ಅವನು ಮನೆಯಲ್ಲೇ ಮಗ್ಗ ಹಾಕಿಕೊಂಡು ರೇಷ್ಮೆ ಸೀರೆ ನೇಯುವವನು. ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವ ಜಾತಿಯಲ್ಲ.

ಮರುದಿನ ಬೆಳಿಗ್ಗೆ ಅವಳು ಮಗುವಿಗೆ ಹಾಲು ಕೊಟ್ಟು, ನನ್ನ ತೊಡೆಯ ಮೇಲೆ ಹಾಕಿ, ಲ್ಯಾಪ್‌ಟಾಪ್ ತೆರೆದಳು. ಮಿಲ್ಲಿನಲ್ಲಿ ಲಾರಿ ತುಂಬಿ ನಿಂತಿತ್ತು. ಪಾಸ್‌ವರ್ಡು ಹಾಕಿದಳು, ತೆಗೆದುಕೊಂಡಿತು. ಫೋನು ನೋಡಿ ನಂಬರು ಹಾಕಿದಳು. ಕೆಂಪಗೆ ಏನೋ ಬಂತು.

"ನಂಬರ್ ತಪ್ಪು ಅಂತೈತೆ ಅತ್ತೆ," ಅಂದಳು.

"ನೆಟ್ಟಗೆ ನೋಡಿ ಹಾಕು."

ಮತ್ತೆ ಹಾಕಿದಳು. ಮತ್ತೆ ಕೆಂಪು. ಒಳಗೆ ಮಗ್ಗದ ಸದ್ದು ನಿಂತಿತು. ಮಗ ಬಂದು ನೆಟ್ಟಿನ ಡಬ್ಬಿಯ ಸ್ವಿಚ್ಚು ಆರಿಸಿ ಹಾಕಿದ. ಆಗಲಿಲ್ಲ. ತನ್ನ ಫೋನಿನ ನೆಟ್ಟು ಕೊಟ್ಟು ನೋಡಿದ. ಪಾಸ್‌ವರ್ಡು ಹೋಗುತ್ತದೆ, ನಂಬರು ಹೋಗುವುದಿಲ್ಲ.

ಮಿಲ್ಲಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನಿಗೆ ಮಗನ ಫೋನಿನಿಂದ ಫೋನು ಮಾಡಿ, ಎಲ್ಲರಿಗೂ ಕೇಳುವ ಹಾಗೆ ಮಂಚದ ಮೇಲೆ ಇಟ್ಟರು. ಅವನಿಗೆ ತಂತಿ ಗೊತ್ತು, ಬಿಲ್ ಗೊತ್ತಿಲ್ಲ. ಹೆರಿಗೆಯ ಹೊತ್ತಿನಲ್ಲಿ ಬಿಲ್ ಮಾಡುತ್ತಿದ್ದವನು ಕೆಲಸ ಬಿಟ್ಟಿದ್ದ, ಈಗ ಬಿಲ್ ಬಲ್ಲವಳು ಇವಳೊಬ್ಬಳೇ.

"ಮೇಡಂ, ಎಷ್ಟು ಸಲ ಹಾಕಿದ್ರಿ?" ಎಂದು ಕೇಳಿದ.

"ನಾಕು ಸಲ."

"ಅಯ್ಯೋ, ನಿಂತ್ಕಳ್ರಿ ಮತ್ತೆ! ಇನ್ನೊಂದು ಸಲ ತಪ್ಪಾದ್ರೆ ಲಾಕ್ ಆಗ್ತೈತೆ. ಲಾಕ್ ಆದ್ರೆ ನನ್ನ ಕೈಲಿಲ್ಲ, ಬೆಂಗಳೂರಿನವರು ಬಿಚ್ಚಬೇಕು. ಅವರು ನಾಳೆ ಅಂದ್ರೆ ನಾಳೆ."

ಸೊಸೆ ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಫೋನಿನ ಹಿಂದೆ ಯಾರೋ ತೆಲುಗಿನಲ್ಲಿ ಕೂಗುವುದು ಕೇಳಿತು. "ಇಂಕಾ ಎಂತಸೇಪಯ್ಯಾ?" ಇನ್ನೂ ಎಷ್ಟು ಹೊತ್ತು ಅಂತ. ಲಾರಿ ಡ್ರೈವರು. ಅವನ ದನಿ ಕೇಳಿದರೆ ಕಲ್ಲು ತೆಗೆದುಕೊಂಡು ಹೊಡೆಯುವವನ ಹಾಗಿತ್ತು.

"ಬೀಗ ಹಾಕಿದವರೂ ನೀವೇ, ಕೀಲಿಕೈ ಕೊಟ್ಟವರೂ ನೀವೇ," ಅಂದೆ ನಾನು. "ಈಗ ತಪ್ಪು ಮಾತ್ರ ಇವಳದಾ?"

"ಯಾರ್ರೀ ಅದು?"

"ನಮ್ಮತ್ತೆ," ಅಂದಳು ಸೊಸೆ.

"ಅಜ್ಜೀ, ಸ್ವಲ್ಪ ಸುಮ್ನಿರ್ರಿ. ನನಗೇ ಇಲ್ಲಿ ತಲೆ ಕೆಟ್ಟೈತೆ."

"ಕೆಟ್ಟಿರೋದನ್ನೇ ಸರಿ ಮಾಡಪ್ಪ. ಅದಕ್ಕೇ ತಾನೆ ನಿನ್ನ ಕೂರಿಸಿರೋದು."

ಮಗ ನನ್ನ ಕಡೆ ಕೈ ಮುಗಿದ. ನಾನು ಬಾಯಿ ಮುಚ್ಚಿಕೊಂಡು ಮಗು ಎತ್ತಿಕೊಂಡು ತಿರುಗಾಡಿದೆ. ಆ ಹೊತ್ತಿಗೇ ಅದೂ ರಾಗ ತೆಗೆಯಿತು. ಅವಳ ಸೆರಗು ಹಾಲಿಗೆ ಒದ್ದೆಯಾಗುವುದು ನನಗೆ ಕಾಣುತ್ತಿತ್ತು. ಅವಳು ಈ ಕಡೆ ತಿರುಗಲಿಲ್ಲ.

ಅವಳ ಫೋನು ಆ ಬೆಳಿಗ್ಗೆ ಎರಡನೇ ಸಲ ಬಡಿದುಕೊಂಡಿತು. ಸಾಹುಕಾರರು.

"ಏನಮ್ಮಾ, ಲಾರಿ ನಿಂತೈತೆ."

"ಮಾಡ್ತಿದೀನಿ ಸರ್. ಲಾಗಿನ್ ಆಗ್ತಿಲ್ಲ. ಐದು ನಿಮಿಷ."

"ಆಗಲೂ ಐದು ನಿಮಿಷ ಅಂದೆ. ನನ್ನ ತಂಗಿ ಮಗಳು ಡಿಗ್ರಿ ಮುಗಿಸಿ ಮನೇಲಿ ಕೂತವಳೆ. ನಾನು ಹೇಳಿದ್ದು ನೆನಪೈತೆ ತಾನೆ?"

"ಐತೆ ಸರ್."

ಇಟ್ಟುಬಿಟ್ಟರು. ಸೊಸೆಯ ಮುಖ ಬಿಳಿಚಿಕೊಂಡಿತ್ತು. ಅಳಲಿಲ್ಲ. ಅತ್ತಿದ್ದರೆ ನಾನೇ ಬೈಯುತ್ತಿದ್ದೆ. ನನಗೆ ಆ ಮಿಲ್ಲಿನ ಮೇಲೆ ಪ್ರೀತಿ ಏನಿಲ್ಲ. ಆದರೆ ಎಲ್ಲರ ಎದುರು ನಿಂತು ಕೇಳಿ ಇಟ್ಟುಕೊಂಡ ಕೆಲಸ, ಯಾರೋ ತಂಗಿ ಮಗಳಿಗೆ ಹೋಗುವುದು ಎಂದರೇನು?

ಕಂಪ್ಯೂಟರಿನವನು ಒಂದೊಂದೇ ಕೇಳುತ್ತಾ ಹೋದ. ಬೇರೆ ಫೋನಿಗೆ ಹಾಕಿಸಿಕೊಂಡಿರಾ? ಇಲ್ಲ. ಅಂಗಡಿಯವನು ಎಲ್ಲ ಅಳಿಸಿ ಹಾಕಿದನಾ? ಇಲ್ಲ, ಬ್ಯಾಟರಿ ಬದಲಾಯಿಸಿದ, ಅಷ್ಟೇ. ಹಾಗಾದರೆ ನಂಬರು ಬರುವುದರ ಫೋಟೋ ಕಳಿಸಿ ಅಂದ. ಅವಳು ಫೋನಿನ ಪರದೆಯನ್ನು ಹಾಗೇ ಫೋಟೋ ಹಿಡಿದು ಅವನಿಗೆ ಕಳಿಸಿದಳು.

ಆ ಕಡೆ ಲಾರಿಯ ಹಾರನ್ನು ಕೂಗಿತು.

"ಮೇಡಂ," ಅಂದ, "ನನ್ನ ಗಡಿಯಾರದಾಗೆ ಈಗ ಹನ್ನೊಂದು. ನಿಮ್ಮ ಫೋಟೋದಾಗೆ ಹನ್ನೊಂದೂಕಾಲು. ಇನ್ನೂ ಆಗದೇ ಇರೋ ಟೈಮಿನ ಫೋಟೋ ಹೆಂಗೆ ಕಳಿಸಿದ್ರಿ?"

"ಅದು ನಮ್ಮನೆ ಟೈಮು," ಅಂದ ನನ್ನ ಮಗ, ಊರಿಗೆಲ್ಲ ಗೊತ್ತಿರುವ ಸಂಗತಿಯ ಹಾಗೆ.

"ಮನೆಗೊಂದು ಟೈಮಾ?"

ನಮ್ಮನೆಯಲ್ಲಿ ಹಾಗೇ. ನನ್ನ ಗಂಡ ಒಂದು ಸಲ ನೇಯ್ದ ಸೀರೆಗಳ ಗಂಟು ಹೊತ್ತುಕೊಂಡು ಹೋಗಿ ಬಸ್ಸಿನ ಹಿಂಭಾಗ ನೋಡಿಕೊಂಡು ಮನೆಗೆ ಬಂದರು. ಬಂದವರೇ ಗೋಡೆ ಗಡಿಯಾರವನ್ನು ಕಾಲು ಗಂಟೆ ಮುಂದಕ್ಕೆ ತಿರುಗಿಸಿದರು. ಅವರು ತೀರಿಕೊಂಡ ಮೇಲೂ ಯಾರೂ ಹಿಂದಕ್ಕೆ ತಿರುಗಿಸಲಿಲ್ಲ. ಕೈಗಡಿಯಾರ, ಅಲಾರಾಂ, ಮನೆಗೆ ಬಂದದ್ದೆಲ್ಲ ಅದಕ್ಕೇ ಹೊಂದಿಕೊಂಡಿತು. ನೋಡಿದ ತಕ್ಷಣ ಮನಸ್ಸಿನಲ್ಲೇ ಕಾಲು ಗಂಟೆ ಕಳೆದುಕೊಳ್ಳುವುದು ನಮಗೆ ಉಸಿರಾಡಿದ ಹಾಗೆ. ಸೊಸೆಗೂ ಬಂದ ತಿಂಗಳಲ್ಲೇ ರೂಢಿಯಾಗಿತ್ತು. ಅವಳ ಫೋನೊಂದು ಮಾತ್ರ ಅಲ್ಲಿಯವರೆಗೆ ತಾನಾಗೇ ಸರಿ ಟೈಮು ತೋರಿಸುತ್ತಿತ್ತು, ಹಿಂದಿನ ದಿನ ಸಂಜೆ ಮಗ ಅದನ್ನೂ ಗೋಡೆ ನೋಡಿ ಕೂರಿಸಿದ್ದ. ಬೆಳಿಗ್ಗೆಯಿಂದ ಅವಳು ಅದನ್ನು ನೂರು ಸಲ ನೋಡಿದ್ದಳು, ಗೋಡೆಗೂ ಅದಕ್ಕೂ ತಾಳೆಯಾಗಿದ್ದರಿಂದ ಕಳೆದುಕೊಂಡೇ ಓದಿದ್ದಳು, ಏನೂ ಅನ್ನಿಸಿರಲಿಲ್ಲ.

"ಆ ನಂಬರು ಟೈಮು ನೋಡಿಕಂಡೇ ಹುಟ್ಟೋದು ಸಾರ್," ಅಂದ ಅವನು ನನ್ನ ಮಗನಿಗೆ. "ಇಲ್ಲಿ ಮಿಲ್ಲಿನಾಗೆ ಹನ್ನೊಂದರ ನಂಬರು ಕಾಯ್ತಾ ಕೂತೈತೆ, ನೀವು ಹನ್ನೊಂದೂಕಾಲಿಂದು ಕಳಿಸ್ತಿದೀರ. ಒಳಗೆ ಹೆಂಗೆ ಬಿಡ್ತೈತೆ?"

ಮಗ ಫೋನು ಕಿತ್ತುಕೊಂಡು ಮುಳ್ಳು ತಿರುಗಿಸುವವನ ಹಾಗೆ ಟೈಮು ಬದಲಾಯಿಸಲು ಹೋದ.

"ಕೈಯಿಂದ ಇಡಬ್ಯಾಡ್ರಿ!" ಎಂದು ಕೂಗಿದ ಅವನು. "ಒಂದೇ ಸಲ ಉಳಿದಿರೋದು. ಫೋನೇ ತಾನಾಗಿ ಟೈಮು ತಗೊಳ್ಳೋ ಹಂಗೆ ಬಿಡ್ರಿ."

ಸೊಸೆ ಗಂಡನ ಕೈಯಿಂದ ಫೋನು ತೆಗೆದುಕೊಂಡಳು. "ನೀವು ಸ್ವಲ್ಪ ಆ ಕಡೆ ನಿಂತ್ಕಳ್ರಿ," ಅಂದಳು. ಅವನು ಗೋಡೆಗೆ ಒರಗಿ ನಿಂತ. ಅವಳು ಏನೋ ಒತ್ತಿದಳು, ಟೈಮು ಹಿಂದಕ್ಕೆ ಬಂತು. ನಂಬರು ಆಗಲೇ ಮೂಡಿತ್ತು, ಆದರೆ ಹಾಕಲಿಲ್ಲ. ಅದು ಹೋಗಿ ಹೊಸದು ಬರುವವರೆಗೆ ಕಾದಳು. ಡ್ರೈವರು ಇನ್ನೊಮ್ಮೆ ಕೂಗಿದ. ನಾನು ಮಗುವಿನ ಬಾಯಿಗೆ ನನ್ನ ಬೆರಳು ಕೊಟ್ಟೆ.

ಹೊಸದು ಬಂತು. ಒಂದೊಂದೇ ಅಂಕಿ ಬಾಯಿಬಿಟ್ಟು ಹೇಳಿಕೊಂಡು ಒತ್ತಿದಳು. ಕೊನೆಯ ಗುಂಡಿ ಒತ್ತುವ ಮುಂಚೆ ಇನ್ನೊಂದು ಸಲ ಓದಿದಳು. ಒತ್ತಿದಳು.

ಪರದೆಯ ಮೇಲೆ ಒಂದು ಸುತ್ತು ತಿರುಗುತ್ತಲೇ ಇತ್ತು. ಆಮೇಲೆ ಮಿಲ್ಲಿನ ಪರದೆ ತೆರೆದುಕೊಂಡಿತು.

ಅವಳು ಬಿಲ್ ಹಾಕತೊಡಗಿದಳು. ಕಂಪ್ಯೂಟರಿನವನೇ ಆ ಕಡೆಯಿಂದ, "ಬಂತು, ಪ್ರಿಂಟ್ ಬಂತು," ಎಂದು ಕೂಗಿದ. ಲಾರಿ ಇಂಜಿನು ಶುರುವಾದದ್ದು ನಮ್ಮ ಮಂಚದ ಮೇಲೆ ಕೇಳಿತು. ಮಗನ ಮುಖ ನೋಡಬೇಕಿತ್ತು. ಬೈದರೆ ಬೈಸಿಕೊಳ್ಳೋಣ ಅನ್ನುವ ಹಾಗೆ ನಿಂತಿದ್ದ. ಯಾರೂ ಬೈಯಲಿಲ್ಲ, ಅವನು ಮಗ್ಗಕ್ಕೆ ಹೋದ.

ಸಾಹುಕಾರರು ಮತ್ತೆ ಫೋನು ಮಾಡಿದರು. ಈ ಸಲ ದನಿ ತಣ್ಣಗಿತ್ತು, ಅದು ಇನ್ನೂ ಕೆಟ್ಟದ್ದು.

"ಇದು ಆಗೋ ಕೆಲಸ ಅಲ್ಲಮ್ಮಾ. ನಾಳೆಯಿಂದ ಬಂದ್ಬಿಡು. ಇಲ್ಲ ಅಂದ್ರೆ ತಂಗಿ ಮಗಳನ್ನ ಕರೆಸ್ತೀನಿ."

ಸೊಸೆ ನನ್ನ ಕೈಯಿಂದ ಮಗು ತೆಗೆದುಕೊಂಡು ಎದೆಗೆ ಹಾಕಿಕೊಂಡಳು. ಆಮೇಲೆ ಮಾತಾಡಿದಳು.

"ಕರೆಸ್ರಿ ಸರ್. ಇಲ್ಲಿಂದಲೇ ಅವಳಿಗೆ ಕಲಿಸಿಕೊಡ್ತೀನಿ. ಮೂರು ತಿಂಗಳು ಹಿಡೀತೈತೆ. ಅಲ್ಲೀಗಂಟ ಲಾರಿ ಯಾರು ಕಳಿಸ್ತಾರೆ, ಅದೊಂದು ನೋಡಿಕಳ್ರಿ. ನಾಳೆ ನಾನು ಬರಲ್ಲ. ಮಗು ಐತೆ."

ಹುಡುಗಿ ಕೆಲಸ ಕಳೆದುಕೊಂಡಳು ಅಂದುಕೊಂಡೆ. ಸಾಹುಕಾರರು ಫೋನು ಬದಿಗೆ ಹಿಡಿದು ಮಿಲ್ಲಿನಲ್ಲಿ ಯಾರಿಗೋ ಏನೋ ಕೂಗಿದ್ದು ಕೇಳಿತು.

"ಎರಡನೇ ಲಾರಿ ತುಂಬ್ತೈತೆ," ಅಂದರು ಸಾಹುಕಾರರು ಕೊನೆಗೆ. "ಉಂಡು ಕೂತ್ಕೊ. ಲೇಟ್ ಮಾಡಬ್ಯಾಡ."

ಕೆಲಸ ಉಳಿಯಿತು ಎಂದು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ನಾನು ಮುದ್ದೆ, ಹುರುಳಿಸಾರು ತಂದು ಅವಳ ಮುಂದೆ ಇಟ್ಟೆ. ಲ್ಯಾಪ್‌ಟಾಪ್ ಸರಿಸಲು ಹೋದರೆ ಕೈ ಅಡ್ಡ ಹಿಡಿದಳು. ಸುಮ್ಮನೆ ಬಿಟ್ಟರೆ ಆ ದಾರಿ ತಾನಾಗೇ ಮುಚ್ಚಿಕೊಳ್ಳುತ್ತದಂತೆ, ಮತ್ತೆ ಮೊದಲಿನಿಂದ ಒಳಗೆ ಹೋಗಬೇಕಂತೆ. ತೊಡೆಯ ಮೇಲೆ ಮಗು, ಬಲಗೈಯಲ್ಲಿ ತುತ್ತು. ನಡುನಡುವೆ ಎಡಗೈಯಿಂದ ಒಂದು ಗುಂಡಿ ಒತ್ತುತ್ತಾ ಉಂಡಳು.